ಮಿಲ್ಲಿಂಗ್ ಮಷಿನ್ನಿಗೊಂದು ಮೋಟಾರು ಹುಡುಕಿದ್ದು

ನಮ್ಮ ಜಿಲ್ಲೆಯಲ್ಲಿ ಯಾರ ಮುಂದೆಯಾದರೂ ಮೋಟಾರಿನ ಮಾತೆತ್ತಿ ನೋಡಿ. ಮೊದಲು ಬರುವ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ? ಯಾವ ಕೆಲಸಕ್ಕೆ, ಎಷ್ಟು ಸ್ಪೀಡು ಬೇಕು, ಮನೆಯ ಕರೆಂಟೋ ಹೊಲದ ಕರೆಂಟೋ, ಇದ್ಯಾವುದನ್ನೂ ಯಾರೂ ಕೇಳುವುದಿಲ್ಲ. ಗದ್ದೆಗೆ ನೀರೆತ್ತಿ ಎತ್ತಿ ನಮ್ಮ ಜನಕ್ಕೆ ಎಚ್‌ಪಿ ಎನ್ನುವುದು ಮರ್ಯಾದೆಯ ಅಳತೆಯಾಗಿಬಿಟ್ಟಿದೆ. ಹೀಗೆ ಕೇಳಿದವರ ಮೇಲೆಲ್ಲ ನಾನು ರೇಗಿದ್ದೇನೆ. ಆದರೆ ಆ ಬೇಸಿಗೆಯಲ್ಲಿ ಊರೂರು ತಿರುಗಿ ಎಲ್ಲರಿಗಿಂತ ಹೆಚ್ಚು ಸಲ ಈ ಪ್ರಶ್ನೆ ಕೇಳಿದವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು. ಜೇಬು ಹೊಲಿಯುವುದು, ಕಾಜಾ ಹಾಕುವುದು, ಸೊಂಟಪಟ್ಟಿ ಕೂಡಿಸುವುದು, ಯಾವ ಮಷಿನ್ನು ಕೆಟ್ಟು ಕೂತರೂ ನನಗೆ ಫೋನು ಬರುತ್ತದೆ. ಇಷ್ಟು ವರ್ಷ ಸೂಜಿ ಸರಿಮಾಡಿ ಸರಿಮಾಡಿ ನನಗೊಂದು ಚಪಲ ಹತ್ತಿತ್ತು. ಬಟ್ಟೆಯ ಸಹವಾಸ ಸಾಕು, ಒಂದು ದಿನವಾದರೂ ಕಬ್ಬಿಣ ಕೊರೆಯಬೇಕು. ಕುಡತಿನಿ ಕಡೆಯ ಒಂದು ವರ್ಕ್‌ಶಾಪು ಮುಚ್ಚಿದಾಗ ಅಲ್ಲಿದ್ದ ಹಳೆಯ ಸಣ್ಣ ಮಿಲ್ಲಿಂಗ್ ಮಷಿನ್ನು ತಂದುಬಿಟ್ಟೆ. ನೋಡಲು ಡ್ರಿಲ್ಲಿಂಗ್ ಮಷಿನ್ನಿನ ಅಣ್ಣನಂತಿರುತ್ತದೆ. ಮೇಲೆ ಸ್ಪಿಂಡಲ್ ಎಂಬ ಉಕ್ಕಿನ ದಿಂಡು, ಅದರ ತುದಿಯಲ್ಲಿ ಹಲ್ಲಿನ ಕಟರು. ಕಟರು ತಿರುಗುತ್ತದೆ, ಕೆಳಗಿನ ಮೇಜಿನ ಮೇಲೆ ಬಿಗಿದ ಕಬ್ಬಿಣ ನಿಧಾನಕ್ಕೆ ಅದರ ಬಾಯಿಗೆ ಸರಿಯುತ್ತದೆ. ಎಲ್ಲ ಸರಿ, ಆದರೆ ಸ್ಪಿಂಡಲ್ ತಿರುಗಿಸುವ ಮೋಟಾರೇ ಇರಲಿಲ್ಲ. ಒಳಗಿನ ತಾಮ್ರದ ಆಸೆಗೆ ಯಾರೋ ಮೊದಲೇ ಬಿಚ್ಚಿ ಮಾರಿದ್ದರು. ಎರಡು ವರ್ಷ ಅದು ನಮ್ಮ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಕ್ಕಿಚೀಲದ ಜೊತೆ ನಿಂತಿತ್ತು. ಮೇಜು ಸಮತಟ್ಟಾಗಿದೆ, ಉರುಳುವುದಿಲ್ಲ ಎಂದು ನನ್ನ ಹೆಂಡತಿ ಅದರ ಮೇಲೆ ಈರುಳ್ಳಿ ಹರವುತ್ತಿದ್ದಳು.

ಕುರುಗೋಡಿನಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಪಡಸಾಲೆಯಲ್ಲಿ ಒಂದು ಶಾವಿಗೆ ಮಷಿನ್ನು ಹಾಕಿಕೊಂಡಿದ್ದಾಳೆ. ಶಿವರಾತ್ರಿ ಕಳೆದದ್ದೇ ತಡ, ಕುರುಗೋಡು, ಬಾದನಹಟ್ಟಿ, ಸುತ್ತಿನ ಹಳ್ಳಿಗಳ ಹೆಂಗಸರು ರವೆ ಹೊತ್ತುಕೊಂಡು ಅವಳ ಕಟ್ಟೆಗೆ ಬರುತ್ತಾರೆ. ಇವಳು ನಾದಿ ಮಷಿನ್ನಿಗೆ ಹಾಕಿ ಎಳೆ ಬಿಡುತ್ತಾಳೆ, ಅವರು ಕೋಲಿನ ಮೇಲೆ ಹಿಡಿದು ಬಿಸಿಲಿಗೆ ಹಾಕಿಕೊಳ್ಳುತ್ತಾರೆ. ಮೃಗಶಿರಾ ಮಳೆ ಬಿತ್ತೆಂದರೆ ಮುಗಿಯಿತು, ಒದ್ದೆ ಶಾವಿಗೆ ಯಾರಿಗೆ ಬೇಕು? ವರ್ಷದ ದುಡಿಮೆಯೆಲ್ಲ ಆ ಮೂರು ತಿಂಗಳಿನದೇ. ಹಂಗಾಮು ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ, ಆ ಮಷಿನ್ನಿನ ದೊಡ್ಡ ಗಿಯರಿನ ನಾಲ್ಕು ಹಲ್ಲು ಮುರಿದವು.

ಅಕ್ಕ ಫೋನಿನಲ್ಲಿ ಕೇಳಿದ್ದು ಸಣ್ಣ ಮಾತು. ಮಷಿನ್ನು ಮಾಡಿದ ಕಂಪನಿ ಈಗಿಲ್ಲವಂತೆ, ಗಿಯರು ಬಿಡಿಯಾಗಿ ಸಿಗುವುದಿಲ್ಲವಂತೆ, ಬಳ್ಳಾರಿಯಲ್ಲಿ ಯಾರಾದರೂ ಹಲ್ಲು ಹಾಕುವವರಿದ್ದರೆ ಕೊಟ್ಟು ಮಾಡಿಸು ಎಂದಳು. ಅಷ್ಟು ಮಾಡಿದ್ದರೆ ಈ ಬರಹವೇ ಬೇಕಿರಲಿಲ್ಲ. ಅಂಥ ಅಂಗಡಿ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಆದರೆ ನನ್ನ ಅಕ್ಕ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಮೊದಲ ಸಲ ಕೇಳಿದ್ದಾಳೆ, ಅದೂ ಕಬ್ಬಿಣದ ಕೆಲಸ. ನನ್ನ ನಾಲಿಗೆ ನನಗಿಂತ ಮುಂದೆ ಓಡಿತು.

"ಹೊರಗ ಯಾಕ ಕೊಡ್ತಿ ಅಕ್ಕಾ? ನಾ ಅದೀನಿ, ನನ್ನ ಹತ್ರ ಮಿಲ್ಲಿಂಗ್ ಮಷಿನ್ ಐತಿ. ಎಂಟ್ ದಿನದಾಗ ಗಿಯರ್ ತಂದು ನಿನ್ನ ಕೈಯಾಗ ಇಡ್ತೀನಿ" ಎಂದೆ.

ಫೋನು ಇಟ್ಟ ಮೇಲೆ ಹೆಂಡತಿ ಈರುಳ್ಳಿ ಹೆಚ್ಚುತ್ತಲೇ, ಆ ಮಷಿನ್ನಿಗೆ ಮೋಟಾರು ಇಲ್ಲವಲ್ಲ ಎಂದು ನೆನಪಿಸಿದಳು. ಮೋಟಾರು ಒಂದು ದೊಡ್ಡ ಮಾತೇ, ಈ ಊರಲ್ಲಿ ಕಲ್ಲು ಎತ್ತಿದರೆ ಮೋಟಾರು ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆ ದಿನ ಎರಡನ್ನೂ ಒಟ್ಟಿಗೆ ಮಾಡಿದ್ದೆ.

ಕುರುಗೋಡಿಗೆ ಹೋಗಿ ಮುರಿದ ಗಿಯರು ಬಿಚ್ಚಿ ತಂದೆ. ನಲವತ್ತೆಂಟು ಹಲ್ಲು. ಕಟರು, ಸುತ್ತನ್ನು ಸಮಪಾಲು ಮಾಡುವ ಡಿವೈಡಿಂಗ್ ಹೆಡ್ಡು, ಎಲ್ಲ ಮಷಿನ್ನಿನ ಜೊತೆಗೇ ಬಂದಿದ್ದವು. ಬೀಡು ಕಬ್ಬಿಣದ ಬಿಲ್ಲೆ ಎರಡು ತರಿಸಿದೆ. ಮೊದಲ ಮೋಟಾರು ನನ್ನದೇ ಕಸುಬಿನದು. ಜೀನ್ಸ್ ಯೂನಿಟ್ಟಿನ ಹೊಸ ಸರ್ವೋ ಮೋಟಾರು. ಸದ್ದಿಲ್ಲ, ಬಿಸಿಯಿಲ್ಲ, ಗುಂಡಿ ಒತ್ತಿ ಸ್ಪೀಡು ಹೆಚ್ಚು ಕಡಿಮೆ ಮಾಡಬಹುದು. ಒಬ್ಬ ಮಾಲೀಕನನ್ನು ಕಾಡಿ ಬೇಡಿ ಒಂದು ದಿನಕ್ಕೆ ತಂದೆ. ಕಟರು ಗಾಳಿಯಲ್ಲಿ ಚೆನ್ನಾಗಿ ತಿರುಗಿತು. ಕಬ್ಬಿಣಕ್ಕೆ ತಾಗಿದ ಕೂಡಲೇ ಒಂದು ಸಲ ಕುಂಯ್ ಎಂದು ನಿಂತು, ಪುಟ್ಟ ಪರದೆಯ ಮೇಲೆ ತಪ್ಪಿನ ನಂಬರು ತೋರಿಸಿತು. ಮತ್ತೆ ಹಚ್ಚಿದೆ, ಮತ್ತೆ ಅದೇ ನಂಬರು. ಪಾಪ, ಅದು ಪ್ಯಾಂಟು ಹೊಲಿಯಲು ಹುಟ್ಟಿದ್ದು. ಸಂಜೆಯೇ ವಾಪಸು ಕೊಟ್ಟು ಬಂದೆ.

ಎರಡನೆಯದು ಟ್ರೆಡ್‌ಮಿಲ್ಲಿನ ಮೋಟಾರು. ಇದರ ಬುದ್ಧಿ ಕೊಟ್ಟದ್ದು ಫೋನಿನ ವಿಡಿಯೊಗಳು. ಯಾವುದೋ ದೇಶದ ಬಿಳಿ ಗಡ್ಡದವರೆಲ್ಲ ಟ್ರೆಡ್‌ಮಿಲ್ ಒಡೆದು ಅದರ ಮೋಟಾರನ್ನು ಮಿಲ್ಲಿಂಗ್ ಮಷಿನ್ನಿಗೆ ಕೂಡಿಸಿ ನಗುತ್ತಿದ್ದರು. ಬಳ್ಳಾರಿಯಲ್ಲಿ ಟ್ರೆಡ್‌ಮಿಲ್ಲಿಗೆ ಬರವಿಲ್ಲ. ಡಾಕ್ಟರು ನಡೆಯಿರಿ ಎನ್ನುತ್ತಾರೆ, ನಮ್ಮ ಬಿಸಿಲಿನಲ್ಲಿ ನಡೆದರೆ ಮತ್ತೆ ಡಾಕ್ಟರ ಹತ್ತಿರವೇ ಹೋಗಬೇಕಾಗುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದ ಮನೆಯಲ್ಲೆಲ್ಲ ಒಂದೊಂದು ಬಂದಿದೆ. ನನ್ನ ಹೆಂಡತಿಯ ತಮ್ಮ ಒಂದು ವಾರ ನಡೆದು, ಆಮೇಲೆ ಅದನ್ನು ಟವೆಲ್ಲು ಒಣಗಿಸಲು ಬಿಟ್ಟಿದ್ದ. ಕೇಳಿದ ತಕ್ಷಣ ಕೊಟ್ಟ. ಅವನ ಹೆಂಡತಿ ಮಾತ್ರ, ಇನ್ನು ಮೇಲೆ ಟವೆಲ್ಲು ಎಲ್ಲಿ ಹಾಕಲಿ ಎಂದು ಮುಖ ಸಣ್ಣದು ಮಾಡಿಕೊಂಡಳು.

ಈ ಮೋಟಾರಿನ ತುದಿಯಲ್ಲಿ ಒಂದು ಭಾರದ ಕಬ್ಬಿಣದ ಗಾಲಿ ಇರುತ್ತದೆ. ಬೋಲ್ಟು ಕಾಣುವುದಿಲ್ಲ, ಕೀಲಿಯೂ ಇಲ್ಲ, ಹೇಗೆ ಕೂತಿದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಗಾಲಿಗೇ ಬೆಲ್ಟು ಹಾಕಿ ಸ್ವಿಚ್ಚು ಒತ್ತಿದರೆ ಸ್ಪಿಂಡಲ್ ಉಲ್ಟಾ ತಿರುಗುತ್ತಿತ್ತು. ಅದೇನು ಮಹಾ, ಎರಡು ವೈರು ಅದಲುಬದಲು ಮಾಡಿದರೆ ಆಯಿತು. ಮಾಡಿದೆ, ಸ್ಪಿಂಡಲ್ ಸರಿಯಾದ ಕಡೆಗೆ ತಿರುಗಿತು. ವೇಗ ಏರಿಸಿ ಹೆಂಡತಿಯನ್ನು ಕೂಗಿ, ಬಾ ನೋಡು ಎಂದೆ.

ಆ ಗಾಲಿ ಕೂತಿದ್ದು ತಿರುಪಿನ ಮೇಲೆ. ಟ್ರೆಡ್‌ಮಿಲ್ಲು ಮುಂದಕ್ಕೆ ಓಡುವಾಗ ಬಿಗಿಯಾಗುತ್ತ ಹೋಗುತ್ತದೆ. ಹಿಂದಕ್ಕೆ ಓಡಿಸಿದರೆ ಬಾಟಲಿಯ ಮುಚ್ಚಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಟ್ರೆಡ್‌ಮಿಲ್ಲಿನ ಮೇಲೆ ಯಾರೂ ಹಿಂದಕ್ಕೆ ನಡೆಯುವುದಿಲ್ಲವಾದ್ದರಿಂದ ಇದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ನನ್ನ ಕೈಯಲ್ಲಿ ಅದು ಬಿಚ್ಚಿಕೊಂಡು, ಬೆಲ್ಟು ಹರಿದು, ನೆಲಕ್ಕೆ ಬಿದ್ದು ನಡುಮನೆಯ ಕಡೆಗೆ ಓಡಿತು. ಹೆಂಡತಿ ನೆಲದ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು, ನಾನು ಕರೆದದ್ದಕ್ಕೆ ಎದ್ದು ಬಂದಿರಲಿಲ್ಲ. ಕಸ ಗುಡಿಸುವವರಿಗೆ ದಾರಿ ಬಿಡುವ ಹಾಗೆ ಎರಡೂ ಕಾಲು ಎತ್ತಿದಳು. ಗಾಲಿ ಅದರ ಕೆಳಗೆ ದಾಟಿ, ಹೊಸಿಲು ಹಾರಿ, ಮೆಟ್ಟಿಲು ಇಳಿದು ಚರಂಡಿಗೆ ಬಿತ್ತು. ಅವಳು ಕಾಲು ಇಳಿಸಿ, ಇದು ಎಷ್ಟು ಎಚ್‌ಪಿ ಎಂದು ಕೇಳಿದಳು. ನಾನು ಅವಳ ಜೊತೆ ಎರಡು ದಿನ ಮಾತಾಡಲಿಲ್ಲ. ತಪ್ಪು ನನ್ನದೇ ಆಗಿದ್ದರಿಂದ ಸಿಟ್ಟು ಜಾಸ್ತಿಯೇ ಇತ್ತು.

ಅಷ್ಟರಲ್ಲಿ ಎಂಟು ದಿನ ಹೋಗಿ ಒಂದು ತಿಂಗಳಾಗಿತ್ತು. ಅಕ್ಕ ಫೋನು ಮಾಡಿದಾಗಲೆಲ್ಲ ನಾನು ಮೋಟಾರಿನ ವಿಷಯ ಬಿಟ್ಟು ಗಿಯರಿನ ಸೂಕ್ಷ್ಮಗಳನ್ನು ವಿವರಿಸುತ್ತಿದ್ದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು. ಬಾದನಹಟ್ಟಿಯವರು ಈ ವರ್ಷ ಬೇರೆ ಊರಿಗೆ ರವೆ ಒಯ್ದರು ಎಂದು ಒಂದು ದಿನ ಹೇಳಿದಳು, ದೂರುವ ದನಿಯಲ್ಲಿ ಅಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ, ಈಗಲಾದರೂ ಆ ಅಂಗಡಿಗೆ ಕೊಡಿ ಎಂದಳು. ಕೊಡಬೇಕಿತ್ತು. ಆದರೆ ಎಂಟು ದಿನದ ಮಾತಿಗೆ ಒಂದು ತಿಂಗಳು ಕಾಯಿಸಿ, ಕೊನೆಗೆ ಅಂಗಡಿಯ ಗಿಯರು ಹಿಡಿದುಕೊಂಡು ಹೋಗಿ ಅವಳ ಮುಂದೆ ನಿಲ್ಲುವುದು ನನ್ನಿಂದ ಆಗದ ಮಾತಾಗಿತ್ತು. ಇದನ್ನು ಸ್ವಾಭಿಮಾನ ಎಂದು ಆಗ ಕರೆದುಕೊಂಡಿದ್ದೆ. ಈಗ ಮೊಂಡುತನ ಎನ್ನುತ್ತೇನೆ.

ಸಿರುಗುಪ್ಪಕ್ಕೆ ಹೋದೆ. ಭತ್ತದ ಊರು, ರೈಸ್ ಮಿಲ್ಲುಗಳ ಊರು, ಅಂದಮೇಲೆ ಮೋಟಾರಿನ ಊರು. ಅಲ್ಲಿ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕಟ್ಟಿಕೊಡುವ ಒಬ್ಬ ಹಿರಿಯ ಸಾಬರು ಇದ್ದಾರೆ, ಎಲ್ಲರೂ ಚಾಚಾ ಎನ್ನುತ್ತಾರೆ. ಅಂಗಡಿಯ ಮುಂದೆ ರೈತರ ಮೋಟಾರುಗಳು ಆಸ್ಪತ್ರೆಯ ಸಾಲಿನ ಹಾಗೆ ಮಲಗಿದ್ದವು. ನಾನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ: ಒಂದು ಎಚ್‌ಪಿ, ಮನೆಯ ಸಿಂಗಲ್ ಫೇಸು, ನಿಮಿಷಕ್ಕೆ ಸಾವಿರದ ನಾನೂರು ಚಿಲ್ಲರೆ ಸುತ್ತು. ನಿಧಾನ ಬೇಕಾದಷ್ಟನ್ನು ಪುಲ್ಲಿಗಳಲ್ಲಿ ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಚಾಚಾ ಚೀಟಿ ಓದಿ ನನ್ನನ್ನು ಕನಿಕರದಿಂದ ನೋಡಿದರು.

"ಬರೇ ಒಂದಾ, ಭಾಯ್?"

ಬರೇ ಒಂದು ಎಂದೆ, ಗಟ್ಟಿಯಾಗಿ. ಅವರು ಇನ್ನೇನೂ ಕೇಳದೆ ಹಳೆಯ ಮೋಟಾರಿನ ಒಂದು ಖಾಲಿ ಮೈ ಹುಡುಕಿಟ್ಟು, ಹತ್ತು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ಬಣ್ಣ ಬಳಿದು, ‘1 ಎಚ್‌ಪಿ’ ಎಂದು ತಗಡಿನ ಪಟ್ಟಿ ಹೊಡೆದು ಸಿದ್ಧವಾಗಿತ್ತು. ಎತ್ತಿದರೆ ಸೊಂಟ ಹಿಡಿದುಕೊಂಡಿತು. ಹಳೇ ಕಾಲದ ಎರಕ, ತೂಕ ಇದ್ದಷ್ಟೂ ನಿಯತ್ತು ಎಂದುಕೊಂಡು ಖುಷಿಪಟ್ಟೆ. ಬಸ್ಸಿನಲ್ಲಿ ಕಂಡಕ್ಟರು ಗೋಣಿಚೀಲ ಕಾಲಿನಿಂದ ಮುಟ್ಟಿ ನೋಡಿ, ಲಗೇಜು ಟಿಕೆಟ್ಟು ಹರಿಯುವ ಮೊದಲು ಎಷ್ಟು ಎಚ್‌ಪಿ ಎಂದು ಕೇಳಿದ. ಒಂದು ಎಂದೆ. ಅವನು ನಂಬಲಿಲ್ಲ. ಸಿರುಗುಪ್ಪದ ಬಸ್ಸಿನಲ್ಲಿ ಓಡಾಡುವ ಮನುಷ್ಯ, ಅವನಿಗೆ ಗೊತ್ತಿತ್ತು.

ಅದನ್ನು ಮಷಿನ್ನಿನ ತಲೆಗೆ ಕೂಡಿಸಿದಾಗ ಮಷಿನ್ನು ಒಂದು ಕಡೆ ವಾಲಿತು. ಅಕ್ಕಿಚೀಲ ಆನಿಸಿ ನಿಲ್ಲಿಸಿದೆ. ಸ್ವಿಚ್ಚು ಒತ್ತಿದೆ. ಮನೆಯ ದೀಪಗಳೆಲ್ಲ ಮಂಕಾದವು, ಫ್ರಿಜ್ಜು ನರಳಿತು, ಬೆಲ್ಟು ಕಿರುಚಿತು, ಮಿಲ್ಲಿಂಗ್ ಮಷಿನ್ನು ಅಕ್ಕಿಚೀಲವನ್ನೂ ನೂಕಿಕೊಂಡು ಅಡುಗೆಮನೆಯ ಕಡೆಗೆ ಒಂದು ಗೇಣು ನಡೆಯಿತು. ಆಮೇಲೆ ಬ್ರೇಕರು ಬಿದ್ದು ಮನೆ ಕತ್ತಲಾಯಿತು. ಮೂರು ಸಲ ಹಾಕಿದೆ, ಮೂರು ಸಲವೂ ಹಾಗೆಯೇ. ಚಾಚಾಗೆ ಫೋನು ಮಾಡಿ, ಈ ಮೋಟಾರು ನಿಜಕ್ಕೂ ಎಷ್ಟು ಎಂದು ಕೇಳಿದೆ. ಪಟ್ಟಿಯ ಮೇಲೆ ಬರೆದಿದೆಯಲ್ಲ ಎಂದರು. ಒಳಗೆ ಎಷ್ಟಿದೆ ಎಂದೆ.

"ಒಳಗ ಎರಡೂವರಿ ಕುಂದ್ರಿಸೀನ್ರಿ. ನಮ್ಮ ಕಡಿ ಪಟ್ಟಿ ಮ್ಯಾಲ ಬರದಷ್ಟ ಕಟ್ಟಿಕೊಟ್ರ ಮಂದಿ ಎರಡನೇ ಸಲ ಬರಂಗಿಲ್ಲ, ಭಾಯ್" ಎಂದರು.

ಅಲ್ಲಿನ ರೂಢಿ ಅದು. ಕರೆಂಟಿನವರು ಬಂದು ನೋಡುವುದು ಪಟ್ಟಿಯನ್ನು, ನೀರು ಎತ್ತುವುದು ಒಳಗಿನ ತಂತಿ. ಪಟ್ಟಿಯ ಮೇಲೆ ಐದು ಇದ್ದರೆ ಒಳಗೆ ಏಳೂವರೆ ಇರಲೇಬೇಕು, ಇಲ್ಲದಿದ್ದರೆ ಕಟ್ಟಿದವನು ಮೋಸಗಾರ. ನಾನು ಒಂದು ಎಂದು ಗಟ್ಟಿಯಾಗಿ ಹೇಳಿದ್ದನ್ನು ಅವರು ಜಾಣತನ ಎಂದು ತಿಳಿದು ಮೆಚ್ಚಿಕೊಂಡಿದ್ದರು. ಸ್ಪಿಂಡಲ್ ಮೋಟಾರನ್ನು ನೀರಿನ ಮೋಟಾರಿನವರ ಹತ್ತಿರ ಕಟ್ಟಿಸಲು ಹೋಗಿ, ಅವರ ಭಾಷೆ ಕಲಿಯದೆ ಹೋದದ್ದು ನನ್ನ ತಪ್ಪು. ಬೈಯಬೇಕೆನಿಸಿತು, ಆದರೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವನನ್ನು ಹೇಗೆ ಬೈಯುವುದು? ಬಿಚ್ಚಿ ನಿಜವಾದ ಒಂದು ಕಟ್ಟಿಕೊಡುತ್ತೇನೆ, ಆದರೆ ಕೈತುಂಬ ಕೆಲಸವಿದೆ, ಮೂರು ವಾರ ಆಗುತ್ತದೆ ಎಂದರು. ಮೂರು ವಾರಕ್ಕೆ ಮೃಗಶಿರಾ ಮಳೆ ಬಾಗಿಲಿಗೆ ಬಂದಿರುತ್ತಿತ್ತು.

ಮರುದಿನ ಕುರುಗೋಡಿನ ಬಸ್ಸು ಹತ್ತಿದೆ. ತಪ್ಪೊಪ್ಪಿಕೊಂಡು, ಗಿಯರನ್ನು ಅಂಗಡಿಗೆ ಕೊಡುತ್ತೇನೆಂದು ಹೇಳುವುದಷ್ಟೇ ಉಳಿದಿತ್ತು. ಬಸವಣ್ಣನ ಗುಡಿಯ ಹತ್ತಿರ ಇಳಿದು, ಅಕ್ಕನ ಓಣಿಗೆ ಬೇಕೆಂದೇ ಸುತ್ತು ಹಾಕಿಕೊಂಡು ಹೋದೆ. ಕಟ್ಟೆ ಖಾಲಿಯಿತ್ತು. ಬೇರೆ ವರ್ಷ ಆ ಹೊತ್ತಿಗೆ ಹೆಂಗಸರ ಗದ್ದಲಕ್ಕೆ ಒಳಗೆ ಹೋಗಲು ದಾರಿ ಇರುತ್ತಿರಲಿಲ್ಲ. ಪಡಸಾಲೆಯಲ್ಲಿ ಶಾವಿಗೆ ಮಷಿನ್ನಿನ ಮೇಲೆ ಹಳೇ ಸೀರೆ ಹೊದೆಸಿತ್ತು.

ಅಕ್ಕ ಚಹಾ ಕೊಟ್ಟಳು. ನಾನು ಸರ್ವೋ, ಟ್ರೆಡ್‌ಮಿಲ್ಲು, ಸಿರುಗುಪ್ಪ ಎಲ್ಲ ಹೇಳಿದೆ. ಗಾಲಿ ಚರಂಡಿಗೆ ಬಿದ್ದದ್ದು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ನಗಲಿಲ್ಲ. ಹಾಗಾದರೆ ನಿನಗೆ ಬೇಕಾದದ್ದು ಎಂಥದ್ದು ಎಂದು ಕೇಳಿದಳು. ಒಂದು ಎಚ್‌ಪಿ, ಮನೆಯ ಕರೆಂಟು, ಇಂತಿಷ್ಟು ಸುತ್ತು, ಬೋಲ್ಟು ಬಿಗಿಯಲು ಕೆಳಗೆ ಕಾಲಿರುವಂಥದ್ದು, ಸುಳ್ಳು ಪಟ್ಟಿ ಇಲ್ಲದ್ದು ಎಂದೆ. ಅವಳು ಎದ್ದು ಹೋಗಿ ಸೀರೆ ಸರಿಸಿದಳು.

"ಇದು ಎಷ್ಟೈತಿ ನೋಡಲೇ, ತಮ್ಮಾ" ಎಂದಳು.

ಮಷಿನ್ನಿನ ಪಕ್ಕದಲ್ಲಿ, ಹಲಗೆಯ ಮೇಲೆ, ಹಿಟ್ಟು ಮೆತ್ತಿಕೊಂಡು ಶಾವಿಗೆ ಮಷಿನ್ನಿನ ಮೋಟಾರು ಕೂತಿತ್ತು. ಗಿಯರು ಬಿಚ್ಚುವಾಗ ಅಡ್ಡ ಬರುತ್ತದೆಂದು ಅದನ್ನು ಎತ್ತಿ ಅಲ್ಲಿಟ್ಟವನು ನಾನೇ. ಪಟ್ಟಿಯ ಮೇಲಿನ ಹಿಟ್ಟು ಒರೆಸಿದೆ. ಒಂದು ಎಚ್‌ಪಿ, ಸಿಂಗಲ್ ಫೇಸು, ಸಾವಿರದ ನಾನೂರ ನಲವತ್ತು. ಎಲ್ಲಿ ಕಟ್ಟಿಸಿದ್ದು ಎಂದು ಅನುಮಾನದಿಂದ ಕೇಳಿದೆ. ಕಟ್ಟಿಸಿಲ್ಲ, ಬಂದಾಗಿನಿಂದ ಹಾಗೇ ಇದೆ ಎಂದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಎರಡು ಊರು ಹುಡುಕಿದ್ದೆ. ಗಿಯರಿಲ್ಲದೆ ಈ ಮೋಟಾರಿಗೆ ಕೆಲಸವಿಲ್ಲ, ಮೋಟಾರಿಲ್ಲದೆ ಗಿಯರಿಲ್ಲ. ಇಷ್ಟು ಸರಳ ಮಾತು ಹೊಳೆಯಲು ಮಷಿನ್ನು ರಿಪೇರಿ ಮಾಡುವವನ ತಲೆ ಸಾಲಲಿಲ್ಲ, ಶಾವಿಗೆ ಹಾಕುವವಳು ಬೇಕಾಯಿತು.

ಅದೇ ಬಸ್ಸಿನಲ್ಲಿ ಮೋಟಾರು ಬಳ್ಳಾರಿಗೆ ಬಂತು. ಮಿಲ್ಲಿಂಗ್ ಮಷಿನ್ನಿನ ತಲೆಯ ಮೇಲೆ ಮನೆಮಗನ ಹಾಗೆ ಕೂತಿತು. ದೀಪ ಮಂಕಾಗಲಿಲ್ಲ, ಮಷಿನ್ನು ಎಲ್ಲಿಗೂ ಹೊರಡಲಿಲ್ಲ, ಕಟರು ಬೀಡು ಕಬ್ಬಿಣವನ್ನು ಮೆಲ್ಲಗೆ ಕೆರೆಯತೊಡಗಿದಾಗ ಬಂದ ಕಪ್ಪು ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಬದುಕಿನಲ್ಲಿ ಅಷ್ಟು ಸಂತೋಷ ಕೆಲವೇ ಸಲ ಆಗಿದೆ. ಆ ಸಂತೋಷದಲ್ಲೇ ಎಣಿಕೆ ತಪ್ಪಿ, ಮೊದಲ ಬಿಲ್ಲೆಯ ಕೊನೆಯ ಹಲ್ಲು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ತೆಳ್ಳಗಾಯಿತು. ಎರಡನೆಯದಕ್ಕೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದು ಹಲ್ಲಿಗೆ ಒಂದು ಶೇಂಗಾ ಬೀಜ ತಟ್ಟೆಗೆ ಹಾಕಬೇಕು. ಮುಗಿಸಿ ಎಣಿಸಿದರೆ ನಲವತ್ತೇಳು ಬೀಜ. ಗಿಯರಿನ ಹಲ್ಲು ಎಣಿಸಿದೆ, ನಲವತ್ತೆಂಟು ಸರಿಯಾಗಿತ್ತು. ಒಂದು ಬೀಜವನ್ನು ತಾನು ತಿಂದದ್ದು ನಿಜ ಎಂದು ಅವಳು ಒಪ್ಪಿಕೊಂಡಳು.

ನನ್ನ ಮಿಲ್ಲಿಂಗ್ ಮಷಿನ್ನು ಸಂಪೂರ್ಣವಾಗಿ ಬದುಕಿದ್ದು ಒಟ್ಟು ನಾಲ್ಕು ದಿನ. ಐದನೆಯ ದಿನ ನನ್ನ ಕೈಯಿಂದಲೇ ಮೋಟಾರು ಬಿಚ್ಚಿ, ಗಿಯರಿನ ಜೊತೆ ಕುರುಗೋಡಿಗೆ ಒಯ್ದೆ. ಹಿಂದೆ ತಿರುಗಿ ನೋಡಿದರೆ ಹೆಂಡತಿ ಆಗಲೇ ಮೇಜಿನ ಮೇಲೆ ಈರುಳ್ಳಿ ಹರವುತ್ತಿದ್ದಳು.

ಗಿಯರು ಕೂತಿತು, ಬೆಲ್ಟು ಬಿಗಿಯಿತು, ಮಷಿನ್ನು ಹಳೆಯ ಸದ್ದಿನಲ್ಲೇ ತಿರುಗಿತು. ಓಣಿಯಲ್ಲಿ ಸುದ್ದಿ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಕಟ್ಟೆಯ ಮೇಲೆ ಐದಾರು ಹೆಂಗಸರು ರವೆ ಡಬ್ಬಿ ಇಟ್ಟುಕೊಂಡು ಕೂತರು. ಹಂಗಾಮಿನಲ್ಲಿ ಉಳಿದದ್ದು ಹದಿನೈದು ಇಪ್ಪತ್ತು ದಿನ ಮಾತ್ರ. ಹೋದದ್ದೆಲ್ಲ ನನ್ನಿಂದ ಹೋಗಿತ್ತು. ಅಕ್ಕ ನನ್ನ ಕೈಗೆ ಒಂದು ಕೋಲು ಕೊಟ್ಟು, ಎಳೆ ಹಿಡಿ ಎಂದಳು. ಮಷಿನ್ನಿನ ಬಾಯಿಯಿಂದ ಇಳಿಯುವ ಶಾವಿಗೆಯನ್ನು ಕೋಲಿನ ಮೇಲೆ ತೆಗೆದುಕೊಳ್ಳುತ್ತ, ಹೆಂಗಸರಿಗೆ ಕೇಳಿಸದ ಹಾಗೆ ಅವಳನ್ನು ಕೇಳಿದೆ. ಬಾದನಹಟ್ಟಿಯವರು ಬೇರೆ ಊರಿಗೆ ಹೋದರೂ, ಕಟ್ಟೆ ಖಾಲಿಯಾದರೂ, ನೀನು ಆ ಗಿಯರನ್ನು ನನ್ನಿಂದ ವಾಪಸು ಇಸಿದುಕೊಂಡು ಬೇರೆಯವರಿಗೆ ಯಾಕೆ ಕೊಡಲಿಲ್ಲ?

ಅವಳು ಹಿಟ್ಟು ಒತ್ತುತ್ತಲೇ ಇದ್ದಳು.

"ಹಿಂದ ಒಮ್ಮಿ ಫ್ಯಾನು ಬ್ಯಾರೇದವ್ರ ಕೈಲಿ ರಿಪೇರಿ ಮಾಡಿಸಿದ್ದಕ್ಕ ಒಂದ್ ವರ್ಷ ಈ ಮನಿ ಕಡಿ ಬರಲಿಲ್ಲ ನೀ. ಶಾವಿಗಿ ಮುಂದಿನ ವರ್ಷ ಮತ್ತ ಹಾಕಬೌದು ಬಿಡು" ಎಂದಳು.

ಫ್ಯಾನಿನ ವಿಷಯ ನಾನು ಮರೆತೇಬಿಟ್ಟಿದ್ದೆ. ಕೆಲಸ ಜಾಸ್ತಿಯಿತ್ತು, ಅದಕ್ಕೇ ಆ ವರ್ಷ ಹೋಗಲಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನೇ ನಂಬಿಕೊಂಡಿದ್ದೆ. ಅವಳು ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಂಡಿದ್ದಳು, ಸಿಟ್ಟಿಗಾಗಿ ಅಲ್ಲ, ಮತ್ತೆ ಹಾಗಾಗದಿರಲಿ ಎಂದು. ನನಗೆ ನಾಚಿಕೆಯಾಯಿತು. ಏನೋ ಹೇಳಲು ಹೊರಟೆ. ಅಷ್ಟರಲ್ಲಿ ನನ್ನ ಕೋಲು ವಾಲಿ, ಅರ್ಧ ಎಳೆ ಜಾರಿ ನೆಲಕ್ಕೆ ಬಿದ್ದಿತ್ತು.

"ಕೋಲು ಸೀದಾ ಹಿಡಿ. ಮಂದಿ ರವಿ ಅದು" ಎಂದಳು ಅಕ್ಕ.

ನಾನು ಕೋಲನ್ನು ಎರಡೂ ಕೈಯಲ್ಲಿ ಸೀದಾ ಹಿಡಿದುಕೊಂಡೆ.